ಕಾವು-ತಂಪಿನ ಕಸುಬು: ಓದಿಯೂ ಕಲಿಯಬೇಕು, ಮಾಡಿಯೂ ಕಲಿಯಬೇಕು



ಈ ಹೊತ್ತು ನಾನು ಬೀಜದ ಮಾತು, ಗೊಬ್ಬರದ ಮಾತು ಆಡಲು ಬಂದಿಲ್ಲ. ಒಕ್ಕಲು ಮನೆಯ ಮಕ್ಕಳು ಕಲಿಯಬಹುದಾದ ಒಂದು ಕಸುಬಿನ ಮಾತು ಹೇಳಲು ಬಂದಿದ್ದೇನೆ. ಅದು ಕಾವು ಮತ್ತು ತಂಪಿನ ಕಸುಬು. ಬಾಯ್ಲರ್ ನೋಡಿಕೊಳ್ಳುವುದು, ಹಾಲಿನ ಶೀತಕ ಯಂತ್ರ, ಫ್ರಿಜ್, ಏ.ಸಿ., ಶೀತಲಗೃಹ ಇವುಗಳನ್ನು ಕೂಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು, ಇದೆಲ್ಲ ಆ ಕಸುಬಿನಲ್ಲಿ ಸೇರಿದೆ.

‘ಇದು ಪಟ್ಟಣದವರ ಕೆಲಸ, ನಮಗ್ಯಾಕೆ?’ ಎಂದು ನೀವು ಕೇಳಬಹುದು. ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ, ಕೇಳಿರಿ. ಅಜ್ಜನ ಕಾಲಕ್ಕೆ ಹನ್ನೆರಡು ಎಕರೆ ಇತ್ತು. ಮೂವರು ಗಂಡುಮಕ್ಕಳಿಗೆ ಹಂಚಿ ಅಪ್ಪನ ಪಾಲಿಗೆ ನಾಲ್ಕು ಎಕರೆ ಬಂತು. ನಾವು ಅಣ್ಣತಮ್ಮಂದಿರು ಇಬ್ಬರು. ತಲೆಗೆ ಎರಡು ಎಕರೆ. ಹೊಲ ಹಿಗ್ಗುವುದಿಲ್ಲ, ಮನೆ ಹಿಗ್ಗುತ್ತದೆ. ಅಣ್ಣ ಒಕ್ಕಲುತನ ಹಿಡಿದ, ನಾನು ಕಸುಬು ಹಿಡಿದೆ. ಹೀಗಾಗಿ ಹೊಲ ಒಡೆಯಲಿಲ್ಲ, ಮನೆಯೂ ಒಡೆಯಲಿಲ್ಲ. ನಿಮ್ಮಲ್ಲಿ ಎಷ್ಟೋ ಮನೆಗಳ ಲೆಕ್ಕ ಹೀಗೇ ಇರಬಹುದು.

ಇನ್ನೊಂದು ಮಾತು. ಈ ಕಸುಬಿನ ಮೂಲ ನಮಗೆ ಹೊಸದೇನೂ ಅಲ್ಲ. ಬೆಲ್ಲದ ಗಾಣದ ಮನೆಯನ್ನು ನೆನಪಿಸಿಕೊಳ್ಳಿರಿ. ಮಹಾಲಿಂಗಪುರದ ಪೇಟೆಗೆ ಹೋಗುವ ಬೆಲ್ಲ ಹದಕ್ಕೆ ಬರಬೇಕಾದರೆ ಕೊಪ್ಪರಿಗೆಯ ಕೆಳಗಿನ ಉರಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹದ ನೋಡುವ ಹಿರಿಯ ಪಾಕದ ಗುಳ್ಳೆ ನೋಡಿ, ವಾಸನೆ ನೋಡಿ, ‘ಉರಿ ಎಳೀರಿ’ ಅನ್ನುತ್ತಾನೆ. ಅದು ಕಾವಿನ ವಿದ್ಯೆ. ಇನ್ನು ಬೇಸಿಗೆಯಲ್ಲಿ ತಾಯಂದಿರು ಮಣ್ಣಿನ ಹರವಿಯಲ್ಲಿ ನೀರು ತುಂಬಿ ಗಾಳಿ ಬರುವ ಕಡೆ ಇಡುತ್ತಾರೆ. ಹರವಿಯ ಮೈಯಿಂದ ಪಸೆ ಹೊರಬಂದು ಆವಿಯಾಗುತ್ತದೆ. ಆವಿಯಾಗುವಾಗ ಅದು ಒಳಗಿನ ನೀರಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಅದು ತಂಪಿನ ವಿದ್ಯೆ. ಫ್ರಿಜ್ಜು, ಏ.ಸಿ. ಎಲ್ಲವೂ ಈ ಹರವಿಯ ಮೊಮ್ಮಕ್ಕಳೇ.

ಫ್ರಿಜ್ಜಿನಲ್ಲಿ ನೀರಿನ ಬದಲು ಬೇರೊಂದು ದ್ರವ ಇರುತ್ತದೆ. ಅದಕ್ಕೆ ನಾವು ರೂಢಿಯಲ್ಲಿ ‘ಗ್ಯಾಸ್’ ಅನ್ನುತ್ತೇವೆ. ಅದು ಬಹಳ ಕಡಿಮೆ ಕಾವಿನಲ್ಲಿಯೇ ಕುದಿದು ಆವಿಯಾಗುತ್ತದೆ. ಒಳಗಿನ ಕೊಳವೆಯಲ್ಲಿ ಆವಿಯಾಗುವಾಗ ಹಾಲಿನ, ಕಾಯಿಪಲ್ಯದ ಕಾವನ್ನು ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಎಂಬ ಯಂತ್ರ ಆ ಆವಿಯನ್ನು ಹೀರಿ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿ ಆಗುವುದಿಲ್ಲವೇ? ಹಾಗೆಯೇ ಒತ್ತಿದ ಆವಿಯೂ ಬಿಸಿ ಆಗುತ್ತದೆ. ಆ ಬಿಸಿಯನ್ನು ಹೊರಗಿನ ಜಾಲರಿಯಲ್ಲಿ, ಅಂದರೆ ಕಂಡೆನ್ಸರಿನಲ್ಲಿ, ಗಾಳಿಗೆ ಬಿಟ್ಟುಕೊಟ್ಟು ಅದು ಮತ್ತೆ ದ್ರವವಾಗುತ್ತದೆ. ಒಂದು ಸಣ್ಣ ಕಂಡಿಯಿಂದ ಹಾಯ್ದು ಒತ್ತಡ ಕಳೆದುಕೊಂಡು ಮತ್ತೆ ಒಳಗೆ ಬರುತ್ತದೆ. ಹೀಗೆ ಸುತ್ತು ನಡೆದೇ ಇರುತ್ತದೆ. ಬಾವಿಯ ನೀರನ್ನು ಮೊಟ್ಟೆಯಲ್ಲಿ ಎತ್ತಿ ಕಾಲುವೆಗೆ ಚೆಲ್ಲಿದಂತೆ, ಈ ಯಂತ್ರ ಒಳಗಿನ ಕಾವನ್ನು ಎತ್ತಿ ಹೊರಗೆ ಚೆಲ್ಲುತ್ತದೆ. ತಂಪನ್ನು ಯಾರೂ ಹುಟ್ಟಿಸುವುದಿಲ್ಲ. ಕಾವನ್ನು ಸಾಗಿಸುತ್ತೇವೆ, ಅಷ್ಟೇ.

‘ಒಂದು ಟನ್ ಏ.ಸಿ.’ ಎಂಬ ಮಾತು ಕೇಳಿರುತ್ತೀರಿ. ಅದು ಯಂತ್ರದ ತೂಕವಲ್ಲ. ಹಿಂದಿನ ಕಾಲದಲ್ಲಿ ಬರ್ಫಿನಿಂದಲೇ ತಂಪು ಮಾಡುತ್ತಿದ್ದರು. ಅಮೆರಿಕದ ಅಳತೆಯ ಒಂದು ಟನ್, ಅಂದರೆ ಸುಮಾರು 907 ಕಿಲೊ ಬರ್ಫು 24 ತಾಸಿನಲ್ಲಿ ಕರಗಿ ಎಷ್ಟು ಕಾವು ಎಳೆದುಕೊಳ್ಳುವುದೋ ಅಷ್ಟು ಕಾವು ಎಳೆಯುವ ಯಂತ್ರಕ್ಕೆ ಒಂದು ಟನ್ ಅನ್ನುತ್ತಾರೆ.

ಇನ್ನು ನಮ್ಮ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ನೋಡೋಣ. ನುರಿಸುವ ಹಂಗಾಮಿನಲ್ಲಿ ಗಾಡಿ, ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ನಮ್ಮ ಕಣ್ಣು ತೂಕದ ಕಾಂಟಾದ ಮೇಲೆ ಇರುತ್ತದೆ, ಇರಲೇಬೇಕು. ಆದರೆ ಒಳಗೆ ನಡೆಯುವ ಕೆಲಸ ಬಹುಪಾಲು ಕಾವಿನ ಕೆಲಸ. ಕಬ್ಬಿನ ಸಿಪ್ಪೆ ಸುಟ್ಟು ಬಾಯ್ಲರಿನಲ್ಲಿ ಉಗಿ ಮಾಡುತ್ತಾರೆ. ಆ ಉಗಿಯಿಂದ ಕರೆಂಟೂ ಆಗುತ್ತದೆ, ರಸವೂ ಕಾಯುತ್ತದೆ. ರಸದ ನೀರು ಆರಿಸಲು ಸಾಲಾಗಿ ಪಾತ್ರೆಗಳಿರುತ್ತವೆ. ಮೊದಲ ಪಾತ್ರೆಯಿಂದ ಎದ್ದ ಆವಿಯನ್ನು ಬಿಸಾಡದೆ ಎರಡನೆಯ ಪಾತ್ರೆ ಕಾಯಿಸಲು ಬಳಸುತ್ತಾರೆ, ಎರಡನೆಯದರ ಆವಿಯನ್ನು ಮೂರನೆಯದಕ್ಕೆ. ಮುಂದುಮುಂದಿನ ಪಾತ್ರೆಯಲ್ಲಿ ಗಾಳಿಯ ಒತ್ತಡ ಕಡಿಮೆ ಮಾಡಿರುತ್ತಾರೆ. ಒತ್ತಡ ಕಡಿಮೆಯಾದರೆ ರಸ ಕಡಿಮೆ ಕಾವಿಗೇ ಕುದಿಯುತ್ತದೆ. ಹೀಗಾಗಿ ಉರುವಲೂ ಉಳಿಯುತ್ತದೆ, ಸಕ್ಕರೆಯೂ ಸೀಯುವುದಿಲ್ಲ.

ಈ ಉಪಾಯ ಕಂಡುಹಿಡಿದವನು ನಾರ್ಬರ್ಟ್ ರಿಲ್ಯೂ ಎಂಬವನು. ಅಮೆರಿಕದ ಲೂಯಿಸಿಯಾನಾ ಸೀಮೆಯ ನ್ಯೂ ಆರ್ಲಿಯನ್ಸ್‌ನಲ್ಲಿ 1806ರಲ್ಲಿ ಹುಟ್ಟಿದ. ಅವನ ತಾಯಿ ಕರಿಯರ ಕುಲದವಳು. ಆ ಕಾಲದಲ್ಲಿ ಅಲ್ಲಿಯ ಕಬ್ಬಿನ ತೋಟಗಳಲ್ಲಿ ಗುಲಾಮರು ಕುದಿಯುವ ಪಾಕವನ್ನು ಸೌಟಿನಿಂದ ಒಂದು ಕಡಾಯಿಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ಮೈ ಸುಟ್ಟುಕೊಳ್ಳುತ್ತಿದ್ದರು. ರಿಲ್ಯೂ ಪ್ಯಾರಿಸ್ಸಿಗೆ ಹೋಗಿ ಉಗಿಯ ಶಾಸ್ತ್ರ ಓದಿದ, ಅಲ್ಲಿಯೇ ಪಾಠವನ್ನೂ ಹೇಳಿದ. ಆಮೇಲೆ ತನ್ನ ನಾಡಿಗೆ ಬಂದು ತೋಟಗಳಲ್ಲಿ ಯಂತ್ರ ಕೂಡಿಸಿ, ಪರೀಕ್ಷೆ ಮಾಡಿ, 1843ರಲ್ಲಿ ಹಕ್ಕುಪತ್ರ ಪಡೆದ. ಅವನು ಪ್ಯಾರಿಸ್ಸಿನಲ್ಲಿಯೇ ಉಳಿದಿದ್ದರೆ ಶಾಸ್ತ್ರ ಪುಸ್ತಕದಲ್ಲಿ ಉಳಿಯುತ್ತಿತ್ತು. ತೋಟದಲ್ಲಿಯೇ ಇದ್ದು ಓದದೆ ಹೋಗಿದ್ದರೆ ಸೌಟು ಸೌಟಾಗಿಯೇ ಉಳಿಯುತ್ತಿತ್ತು.

ಇನ್ನು ರಬಕವಿ-ಬನಹಟ್ಟಿಯ ನೇಕಾರ ಬಂಧುಗಳನ್ನು ಕೇಳಿರಿ. ಬೇಸಿಗೆಯ ಒಣ ಗಾಳಿಗೆ ನೂಲು ಪಟಪಟ ಹರಿಯುತ್ತದೆ, ಗಾಳಿಯಲ್ಲಿ ಪಸೆ ಇದ್ದರೆ ಮಗ್ಗ ಸುಗಮವಾಗಿ ನಡೆಯುತ್ತದೆ. ಅಮೆರಿಕದ ನೂಲಿನ ಗಿರಣಿಗಳಲ್ಲಿಯೂ ಇದೇ ಕಷ್ಟವಿತ್ತು. ಅಲ್ಲಿಯ ಸ್ಟುವರ್ಟ್ ಕ್ರೇಮರ್ ಎಂಬ ಇಂಜಿನಿಯರು ಗಿರಣಿಯ ಗಾಳಿಗೆ ಪಸೆ ಕೊಡುವ ವ್ಯವಸ್ಥೆ ಮಾಡಿ, 1906ರಲ್ಲಿ ಅದಕ್ಕೆ ‘ಏರ್ ಕಂಡೀಷನಿಂಗ್’ ಎಂದು ಹೆಸರಿಟ್ಟ. ಅಂದರೆ ಏ.ಸಿ. ಎಂಬ ಹೆಸರು ಸಾಹುಕಾರರ ಕೋಣೆಯಲ್ಲಿ ಹುಟ್ಟಲಿಲ್ಲ, ನೂಲಿನ ಗಿರಣಿಯಲ್ಲಿ ಹುಟ್ಟಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1902ರಲ್ಲಿ, ವಿಲಿಸ್ ಕ್ಯಾರಿಯರ್ ಎಂಬ ತರುಣ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಯಂತ್ರದ ನಕ್ಷೆ ತಯಾರಿಸಿದ. ಅಲ್ಲಿ ಹವೆಯ ಪಸೆಯಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಪಸೆಯನ್ನು ಹತೋಟಿಗೆ ತಂದ. ಈ ಕ್ಯಾರಿಯರ್ ಯಾರೆಂದುಕೊಂಡಿರಿ? ಒಕ್ಕಲು ಮನೆಯ ಹುಡುಗ. ಚಿಕ್ಕವನಿದ್ದಾಗ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಅವನ ತಾಯಿ ಸೇಬು ಹಣ್ಣನ್ನು ಅರ್ಧ, ಕಾಲು ಎಂದು ಕತ್ತರಿಸಿ ತೋರಿಸಿ ಲೆಕ್ಕ ಕಲಿಸಿದಳು. ತಾಯಂದಿರೇ, ಇದನ್ನು ನೆನಪಿಡಿರಿ. ರೊಟ್ಟಿ ಮುರಿದು ತೋರಿಸಿದರೂ ಲೆಕ್ಕ ಬರುತ್ತದೆ.

ಈಗ ನನ್ನ ಕಥೆ ಹೇಳುತ್ತೇನೆ. ಇದರಲ್ಲಿ ಬಡಾಯಿ ಇಲ್ಲ, ಎರಡು ತಪ್ಪುಗಳಿವೆ.

ಹತ್ತನೆಯ ಇಯತ್ತೆ ಪಾಸಾದ ಮೇಲೆ ನಾನು ಐ.ಟಿ.ಐ.ಗೆ ಹೋಗಲಿಲ್ಲ. ಒಬ್ಬ ಮಿಸ್ತ್ರಿಯ ಕೈಕೆಳಗೆ ಪಾನಾ, ಸ್ಪ್ಯಾನರ್ ಹಿಡಿದುಕೊಂಡು ಎರಡು ವರ್ಷ ತಿರುಗಿದೆ. ಕೊಳವೆ ಬೆಸೆಯಲು ಬಂತು, ಗ್ಯಾಸ್ ತುಂಬಲು ಬಂತು. ಇನ್ನೇನು ಬೇಕು ಎಂದು ತಿಳಿದೆ. ಏಪ್ರಿಲ್ ತಿಂಗಳಲ್ಲಿ ಒಂದು ಊರಿನ ಹಾಲಿನ ಸಂಘದ ಶೀತಕ ಯಂತ್ರ ತಂಪು ಮಾಡುತ್ತಿಲ್ಲ ಎಂದು ಕರೆ ಬಂತು. ಮಿಸ್ತ್ರಿ ಪರಊರಿಗೆ ಹೋಗಿದ್ದರು. ನಾನೊಬ್ಬನೇ ಹೋದೆ. ತಂಪು ಕಡಿಮೆ ಎಂದರೆ ಗ್ಯಾಸ್ ಕಡಿಮೆ ಎಂದು ನನ್ನ ತಿಳುವಳಿಕೆ. ಒಂದೇ ಗೇಜ್ ಹಚ್ಚಿದೆ, ಗ್ಯಾಸ್ ತುಂಬಿದೆ. ಯಂತ್ರ ಇನ್ನಷ್ಟು ಕಾದು ನಿಂತುಬಿಟ್ಟಿತು. ಮತ್ತೆ ಚಾಲೂ ಮಾಡಿ ಮತ್ತಷ್ಟು ತುಂಬಿದೆ. ಮತ್ತೆ ನಿಂತಿತು.

ಕೆಚ್ಚಲಿನಿಂದ ಬಂದ ಹಾಲು ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ, ಸುಮಾರು 37-38 ಡಿಗ್ರಿ. ಅದನ್ನು ಬೇಗನೆ 4 ಡಿಗ್ರಿಗೆ ಇಳಿಸಬೇಕು. ಇಲ್ಲವಾದರೆ ಹುಳಿ ಹಿಡಿಸುವ ಅಣುಜೀವಿಗಳು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಎಂದು ಬೆಳೆಯುತ್ತವೆ. ಅಂದು ಸಂಜೆಯ ಹಾಲು ಬೆಳಗಾಗುವುದರೊಳಗೆ ಒಡೆಯಿತು. ಎರಡು ಎಮ್ಮೆ ಕಟ್ಟಿಕೊಂಡು ಸಂಸಾರ ನಡೆಸುವ ಒಬ್ಬ ತಾಯಿ ಕ್ಯಾನಿನ ಹತ್ತಿರ ನಿಂತು ನನ್ನನ್ನು ನೋಡಿದಳು. ಬೈಯಲಿಲ್ಲ. ‘ತಮ್ಮಾ, ನಿನಗ ಬರೂದಿಲ್ಲಂದ್ರ ನಿನ್ನೆ ಹೇಳಬೇಕಿತ್ತಪಾ, ಮೊಸರಿಗೆ ಹೆಪ್ಪರ ಹಾಕತಿದ್ವಿ’ ಅಂದಳು. ಬೈದಿದ್ದರೆ ಮರೆಯುತ್ತಿದ್ದೆ. ಈ ಮಾತು ಮರೆಯಲಿಲ್ಲ.

ಮರುದಿನ ಮಿಸ್ತ್ರಿ ಬಂದು ಎರಡೂ ಕಡೆ ಗೇಜ್ ಹಚ್ಚಿದರು. ಹೊರಗಿನ ಕಡೆಯ ಒತ್ತಡ ಮಿತಿಮೀರಿತ್ತು. ಕಂಡೆನ್ಸರಿನ ಜಾಲರಿಯನ್ನು ಕೈಯಿಂದ ಸವರಿ ನನಗೆ ತೋರಿಸಿದರು. ಕಬ್ಬಿನ ಸಿಪ್ಪೆಯ ದೂಳು, ಕಣಿಕೆಯ ಹೊಟ್ಟು, ದನದ ಕೂದಲು ಕೂಡಿ ಕಂಬಳಿ ಹೊದಿಸಿದಂತೆ ಆಗಿತ್ತು. ಕಾವು ಹೊರಗೆ ಹೋಗಲು ಹಾದಿಯೇ ಇರಲಿಲ್ಲ. ಗ್ಯಾಸ್ ಮೊದಲೇ ಸರಿ ಇತ್ತು. ನಾನು ಹೆಚ್ಚು ತುಂಬಿ ಇದ್ದ ರೋಗ ದೊಡ್ಡದು ಮಾಡಿದ್ದೆ. ಹೆಚ್ಚಿನ ಗ್ಯಾಸನ್ನು ಖಾಲಿ ಸಿಲಿಂಡರಿಗೆ ತೆಗೆದು, ಜಾಲರಿ ತೊಳೆದು ಆರಿಸಿದ ಮೇಲೆ ಯಂತ್ರ ನಡೆಯಿತು. ಅಂದೇ ನಿಶ್ಚಯಿಸಿದೆ. ಕೈ ಬಂದರೆ ಸಾಲದು, ಯಾಕೆ ಎಂಬುದು ತಿಳಿಯಬೇಕು. ಆ ವರ್ಷವೇ ಐ.ಟಿ.ಐ. ಸೇರಿದೆ.

ಎರಡನೆಯ ತಪ್ಪು ಓದಿದ ಮೇಲಿನದು. ಸರ್ಟಿಫಿಕೇಟು ಕೈಗೆ ಬಂದಿತ್ತು, ತಲೆ ಸ್ವಲ್ಪ ಮೇಲೆ ಹೋಗಿತ್ತು. ಒಂದು ಊರಿನ ಔಷಧಿ ಅಂಗಡಿಯ ಫ್ರಿಜ್ ದಿನವೂ ರಾತ್ರಿ ಕೈಕೊಡುತ್ತದೆ ಎಂದು ಕರೆದರು. ನಾನು ಮಧ್ಯಾಹ್ನ ಹೋಗಿ ಎಲ್ಲ ಅಳೆದೆ. ಗ್ಯಾಸ್ ಸರಿ, ವೈಂಡಿಂಗ್ ಸರಿ, ಥರ್ಮೊಸ್ಟಾಟ್ ಸರಿ. ‘ಯಂತ್ರದಾಗ ಏನೂ ದೋಷ ಇಲ್ಲ’ ಎಂದು ಹೇಳಿ ಬಂದೆ. ಮತ್ತೆ ಕರೆದರು, ಮತ್ತೆ ಹಾಗೇ ಹೇಳಿದೆ. ಆಗ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಕಾಕಾ ಅಂದರು: ‘ಹಗಲಿನಾಗ ಬಂದು ನೋಡಿದ್ರ ಏನ್ ಸಿಗತೈತಿ? ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ಟಾಗ ಬಾ. ಇಡೀ ಊರಿನ ಬಲ್ಬು ಕಣ್ಣು ಮುಚ್ಚತಾವು.’

ರಾತ್ರಿ ಹೋಗಿ ಮೀಟರ್ ಹಿಡಿದೆ. 230 ವೋಲ್ಟ್ ಬರಬೇಕಾದಲ್ಲಿ 180 ಇತ್ತು. ಮೋಟರು ಏಳುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. 180 ವೋಲ್ಟಿಗೆ ಆ ಬಲ ಐದು ಪಾಲಿನಲ್ಲಿ ಮೂರೇ ಪಾಲು ಉಳಿಯುತ್ತದೆ. ಕಂಪ್ರೆಸರ್ ಗುಂಯ್‌ಗುಡುತ್ತದೆ, ಏಳುವುದಿಲ್ಲ, ಕಾಯುತ್ತದೆ, ನಿಲ್ಲುತ್ತದೆ. ಒಳ್ಳೆಯ ಸ್ಟೆಬಿಲೈಜರ್ ಹಾಕಿದ ಮೇಲೆ ಸರಿಹೋಯಿತು. ಪಂಪಿನ ಮೋಟರು ಸುಟ್ಟುಕೊಂಡ ಪ್ರತಿ ರೈತನಿಗೂ ಗೊತ್ತಿರುವ ಸಂಗತಿ ನನ್ನ ಪುಸ್ತಕದಲ್ಲಿಯೂ ಇತ್ತು. ಆದರೆ ಪುಸ್ತಕದಿಂದ ಎದ್ದು ಊರಿಗೆ ಬಂದಿರಲಿಲ್ಲ. ‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಎರಡನ್ನೂ ಕೂಡಿಯೇ ಹೇಳಿದ್ದಾರೆ. ಒಂದೇ ಎತ್ತು ಕಟ್ಟಿದರೆ ನೊಗ ಓರೆಯಾಗುತ್ತದೆ.

ಹಾಗಾದರೆ ಕಲಿಯಬೇಕೆನ್ನುವವರು ಏನು ಮಾಡಬೇಕು?

ಒಂದನೆಯದಾಗಿ, ಹತ್ತನೆಯ ಇಯತ್ತೆಯಲ್ಲಿ ವಿಜ್ಞಾನ ಮತ್ತು ಗಣಿತವನ್ನು ಅಸಡ್ಡೆ ಮಾಡಬೇಡಿರಿ. ಐ.ಟಿ.ಐ.ಯಲ್ಲಿ ‘ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ಟೆಕ್ನೀಷಿಯನ್’ ಎಂಬ ವಿಭಾಗವಿದೆ. ಅದು ಎರಡು ವರ್ಷದ ಕಲಿಕೆ. ಎಲ್ಲ ಐ.ಟಿ.ಐ.ಗಳಲ್ಲಿಯೂ ಈ ವಿಭಾಗ ಇರುವುದಿಲ್ಲ. ಅರ್ಜಿ ಹಾಕುವ ಮೊದಲು ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿರಿ. ಹೆಣ್ಣುಮಕ್ಕಳೂ ಸೇರಬಹುದು. ಗೇಜ್ ಓದಲು, ಕೊಳವೆ ಬೆಸೆಯಲು ಬೇಕಾದದ್ದು ತಾಳ್ಮೆ ಮತ್ತು ಕಣ್ಣು. ಅವು ಹೆಣ್ಣುಮಕ್ಕಳಲ್ಲಿ ಕಡಿಮೆ ಇಲ್ಲ.

ಎರಡನೆಯದಾಗಿ, ಐ.ಟಿ.ಐ. ಮುಗಿದ ಕೂಡಲೇ ಅಂಗಡಿ ತೆರೆಯುವ ಅವಸರ ಬೇಡ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಗಳಲ್ಲಿ ತರಬೇತಿ ಪಡೆಯಲು ಅವಕಾಶವಿದೆ. ತರಬೇತಿಯ ಕಾಲಕ್ಕೆ ತಿಂಗಳಿಗಿಷ್ಟು ಎಂದು ಭತ್ಯೆಯೂ ಸಿಗುತ್ತದೆ. ಒಂದು ವರ್ಷವಾದರೂ ಅನುಭವಿಗಳ ಕೈಕೆಳಗೆ ದುಡಿಯಿರಿ. ಕಲಿತದ್ದನ್ನು ದಿನವೂ ಒಂದು ವಹಿಯಲ್ಲಿ ಬರೆದಿಡಿರಿ: ಯಾವ ಯಂತ್ರ, ಏನು ದೂರು, ಎರಡೂ ಕಡೆಯ ಒತ್ತಡ ಎಷ್ಟು, ವೋಲ್ಟೇಜ್ ಎಷ್ಟು, ಕೊನೆಗೆ ದೋಷ ಏನಿತ್ತು. ನೂರು ಯಂತ್ರಗಳ ವಹಿ ಒಂದು ಪುಸ್ತಕಕ್ಕೆ ಸಮ.

ಮೂರನೆಯದಾಗಿ, ಈಗಾಗಲೇ ಮಿಸ್ತ್ರಿ ಕೈಕೆಳಗೆ ಕಲಿತು ಕೆಲಸ ಮಾಡುತ್ತಿರುವವರು ‘ನಮ್ಮ ವಯಸ್ಸು ಮೀರಿತು’ ಎಂದು ಕೈಬಿಡಬಾರದು. ಮಾಡಿ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಸರಕಾರದ ಕೌಶಲ್ಯ ಯೋಜನೆಯಲ್ಲಿ ಬಂದಿದೆ. ಬಾಯ್ಲರ್ ಕೆಲಸದ ಕಡೆ ಮನಸ್ಸಿದ್ದವರಿಗೆ ಬೇರೆ ಹಾದಿ ಇದೆ. ಬಾಯ್ಲರನ್ನು ಯಾರು ಬೇಕಾದವರು ಮುಟ್ಟುವಂತಿಲ್ಲ. 1923ರಿಂದಲೂ ಅದಕ್ಕೆ ಕಾಯಿದೆ ಇತ್ತು, 2025ರಲ್ಲಿ ಹೊಸ ಕಾಯಿದೆ ಬಂದಿದೆ. ಇಷ್ಟು ದಿನ ಕೆಲಸ ಮಾಡಿದ ಅನುಭವ ತೋರಿಸಿ ಪರೀಕ್ಷೆಗೆ ಕೂಡಬೇಕು. ಅಲ್ಲಿಯೂ ನೋಡಿರಿ, ಓದು ಮತ್ತು ಅನುಭವ ಎರಡನ್ನೂ ಕೇಳುತ್ತಾರೆ.

ಇನ್ನು ಜೀವಕ್ಕೆ ಸಂಬಂಧಪಟ್ಟ ಕೆಲವು ಎಚ್ಚರಿಕೆಗಳು. ಇವನ್ನು ಅನುಭವದಿಂದ ಕಲಿಯುತ್ತೇನೆ ಎಂದು ಯಾರೂ ಹೊರಡಬಾರದು. ಇವು ಮೊದಲೇ ಓದಿ ತಿಳಿದಿರಬೇಕಾದ ಮಾತುಗಳು.

ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದನ್ನು ಕ್ರಮದಿಂದ ಇಳಿಸದೆ ಕೈ ಹಾಕಬಾರದು. ಕೊಳವೆಯಲ್ಲಿ ಸೋರಿಕೆ ನೋಡಲು ಒತ್ತಡ ಕೊಡುವಾಗ ನೈಟ್ರೋಜನ್ನೇ ಬಳಸಬೇಕು. ಆಕ್ಸಿಜನ್ ಎಂದೆಂದಿಗೂ ಬಳಸಬಾರದು. ಕಂಪ್ರೆಸರಿನ ಎಣ್ಣೆಯೊಡನೆ ಅದು ಕೂಡಿದರೆ ಬಾಂಬು ಸಿಡಿದಂತೆ ಸಿಡಿಯುತ್ತದೆ. ಈಗಿನ ಹೊಸ ಯಂತ್ರಗಳಲ್ಲಿ ಬರುವ ಆರ್-32, ಆರ್-290 ಎಂಬ ಗ್ಯಾಸುಗಳಿಗೆ ಬೆಂಕಿ ಹತ್ತುತ್ತದೆ. ಆರ್-290 ಎಂದರೆ ಪ್ರೊಪೇನ್, ಅಡಿಗೆ ಗ್ಯಾಸಿನ ಬಳಗದ್ದು. ಕಿಟಕಿ ಬಾಗಿಲು ತೆರೆದು, ಬೀಡಿ ಬೆಂಕಿ ದೂರವಿಟ್ಟು ಕೆಲಸ ಮಾಡಬೇಕು. ದೊಡ್ಡ ಶೀತಲಗೃಹಗಳಲ್ಲಿ ಅಮೋನಿಯಾ ಇರುತ್ತದೆ. ಅದು ಸೋರಿದರೆ ಕಣ್ಣಿಗೂ ಉಸಿರಿಗೂ ಅಪಾಯ. ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಗೆ ಓಡಬೇಕು.

ಹಳೆಯ ಗ್ಯಾಸನ್ನು ಗಾಳಿಗೆ ಬಿಡುವುದು ಕೆಟ್ಟ ರೂಢಿ. ಹಿಂದೆ ಬಳಸುತ್ತಿದ್ದ ಆರ್-12 ಎಂಬ ಗ್ಯಾಸು ಮೇಲಿನ ಆಕಾಶದ ಓಝೋನ್ ಪದರವನ್ನು ತಿನ್ನುತ್ತದೆ ಎಂದು ತಿಳಿದ ಮೇಲೆ 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಕೂಡಿ ಒಪ್ಪಂದ ಮಾಡಿಕೊಂಡವು. ನಮ್ಮ ದೇಶದಲ್ಲಿಯೂ 2010ರ ಹೊತ್ತಿಗೆ ಆ ಬಗೆಯ ಗ್ಯಾಸಿನ ಬಳಕೆ ನಿಂತಿತು. ಆಮೇಲೆ ಬಂದ ಕೆಲವು ಗ್ಯಾಸುಗಳು ಓಝೋನನ್ನು ತಿನ್ನದಿದ್ದರೂ ಭೂಮಿಯ ಕಾವು ಏರಿಸುತ್ತವೆ. ಮಳೆ ತಪ್ಪಿದರೆ, ಬಿಸಿಲು ಏರಿದರೆ ಮೊದಲು ಪೆಟ್ಟು ತಿನ್ನುವವರು ನಾವೇ. ನಮ್ಮ ಮನೆಯ ಮಗನೇ ಆ ಗ್ಯಾಸನ್ನು ಬಯಲಿಗೆ ಬಿಡಬಾರದು. ಸಿಲಿಂಡರಿಗೆ ತುಂಬಿಕೊಳ್ಳಬೇಕು.

ಮನೆಯಲ್ಲಿ, ಸಂಘದಲ್ಲಿ ಯಂತ್ರ ಇಟ್ಟುಕೊಂಡವರಿಗೂ ಎರಡು ಮಾತು. ಹೊರಗಿನ ಜಾಲರಿಯ ದೂಳನ್ನು ತಿಂಗಳಿಗೊಮ್ಮೆ ತೆಗೆಯಿಸಿರಿ. ಹಂಗಾಮಿನಲ್ಲಿ ಎರಡು ಸಲ. ಯಂತ್ರವನ್ನು ಗೋಡೆಗೆ ಒತ್ತಿ ಇಡಬೇಡಿರಿ. ಅರ್ಥಿಂಗ್ ಸರಿಯಾಗಿರಲಿ. ‘ಗ್ಯಾಸ್ ಹೋಗೈತಿ’ ಎಂದು ಬಂದವನು ಹೇಳಿದರೆ, ‘ಎಲ್ಲಿ ಸೋರಿತು, ತೋರಿಸು’ ಎಂದು ಕೇಳಿರಿ. ಮುಚ್ಚಿದ ಕೊಳವೆಯ ಗ್ಯಾಸು ಎಣ್ಣೆದೀಪದ ಎಣ್ಣೆಯಂತೆ ಉರಿದು ತೀರುವುದಿಲ್ಲ. ಸೋರಿದ್ದರೆ ಸೋರಿದ ಜಾಗ ಇದ್ದೇ ಇರುತ್ತದೆ. ಆ ಜಾಗ ಮುಚ್ಚದೆ ಗ್ಯಾಸ್ ತುಂಬುವುದು ತೂತಿನ ಕೊಡಕ್ಕೆ ನೀರು ಹಾಕಿದಂತೆ.

ರೈತ ಬಾಂಧವರೇ, ನಾವು ಬೆಳೆದದ್ದರಲ್ಲಿ ಎಷ್ಟೋ ಪಾಲು ಹೊಲದಲ್ಲಿ ಹಾಳಾಗುವುದಿಲ್ಲ. ಹೊಲದಿಂದ ಹೊರಟ ಮೇಲೆ ಹಾಳಾಗುತ್ತದೆ. ಹಾಲು, ದ್ರಾಕ್ಷಿ, ದಾಳಿಂಬೆ, ಕಾಯಿಪಲ್ಯ ಎಲ್ಲಕ್ಕೂ ತಂಪು ಬೇಕು. ದನಗಳ ಕಾಲುಬಾಯಿ ರೋಗದ ಲಸಿಕೆಯನ್ನು ಸಹ 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು, ಬೆಚ್ಚಗಾದರೂ ಕೆಟ್ಟಿತು. ಆ ತಂಪನ್ನು ಕಾಯುವ ಕೈ ಪರಊರಿನಿಂದ ಬರುವ ತನಕ ಹಾಲು ಕಾಯುವುದಿಲ್ಲ. ಆ ಕೈ ನಮ್ಮ ಊರಿನದೇ ಆಗಿರಬೇಕು, ಓದಿದ್ದಾಗಿರಬೇಕು, ಪಳಗಿದ್ದಾಗಿರಬೇಕು.

ಹೆಪ್ಪರ ಹಾಕುತ್ತಿದ್ದೆವು ಎಂದ ಆ ತಾಯಿಯ ಸಂಘದ ಯಂತ್ರವನ್ನು ಈಗಲೂ ನಾನೇ ನೋಡಿಕೊಳ್ಳುತ್ತೇನೆ. ಹೋದಾಗಲೆಲ್ಲ ಮೊದಲು ಜಾಲರಿ ಸವರಿ ನೋಡುತ್ತೇನೆ, ಆಮೇಲೆ ಎರಡೂ ಕಡೆ ಗೇಜ್ ಹಚ್ಚುತ್ತೇನೆ. ನನಗೆ ಬಾರದ ಕೆಲಸವಾದರೆ ‘ಬರೂದಿಲ್ಲ, ಬಲ್ಲವರನ್ನ ಕರಸೋಣು’ ಎಂದು ಅಂದೇ ಹೇಳುತ್ತೇನೆ. ಕಸುಬಿನಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ.

ನಿಮ್ಮ ಮನೆಯ ಮಕ್ಕಳಿಗೆ ಈ ಮಾತು ತಿಳಿಸಿರಿ.